ಹಾರವಿಲ್ಲದೆ ಹೋದ ದಿನ

ಶಾಲು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಚಳಿಗೆ ಹೊದೆಯುವ ಶಾಲಿನ ಮಾತಲ್ಲ. ಪ್ಲಾಸ್ಟಿಕ್ ಚೀಲದೊಳಗೆ ಮಡಚಿಟ್ಟು ಮಾರುತ್ತಾರಲ್ಲ, ಜರಿಯಂಚಿನದು, ದೊಡ್ಡವರ ಹೆಗಲಿಗೆ ಹಾಕಿ ಫೋಟೊ ತೆಗೆಸಿಕೊಳ್ಳುವುದಕ್ಕೆಂದೇ ಹುಟ್ಟಿದ್ದು, ಅದು. ನಾನು ವಿಜಯಪುರದ ಜೋರಾಪುರ ಪೇಟೆಯಲ್ಲಿ ಮನೆಯಲ್ಲೇ ಮಷೀನು ಇಟ್ಟುಕೊಂಡು ರವಿಕೆ ಹೊಲಿಯುವವಳು. ಹರೆಯದಿಂದ ಬಟ್ಟೆಯ ನಡುವೆಯೇ ಬದುಕಿದ್ದೇನೆ. ಬೇರೆ ಯಾವ ಬಟ್ಟೆಯ ಮೇಲೂ ನನಗೆ ಇಷ್ಟು ಸಿಟ್ಟಿಲ್ಲ.

ಕಾರಣ ಹೇಳಬೇಕೆಂದರೆ ತಂಗಿಯ ಕಾಲಿನಿಂದ ಶುರು ಮಾಡಬೇಕು.

ತಂಗಿ ಎಂದರೆ ನನ್ನ ಚಿಕ್ಕಮ್ಮನ ಮಗಳು. ಬಿಜ್ಜರಗಿಗೆ ಕೊಟ್ಟಿದ್ದೇವೆ. ಗಂಡ ಗಾರೆ ಕೆಲಸದವನು. ಇವಳು ತಿಕೋಟಾ ಸುತ್ತಮುತ್ತಲಿನ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದಳು. ಗೊನೆಗಳನ್ನು ಔಷಧಿಯ ನೀರಿನಲ್ಲಿ ಅದ್ದುವ ಹಂಗಾಮು ಬಂತೆಂದರೆ ಅಲ್ಲಿನ ಹೆಂಗಸರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ನಸುಕಿನಲ್ಲೇ ಊರ ಬಾಗಿಲಿಗೆ ಟಂಟಂ ಬಂದು ನಿಲ್ಲುತ್ತದೆ. ಸಾಮಾನು ಸಾಗಿಸುವ ಮೂರು ಗಾಲಿಯ ಗಾಡಿ ಅದು. ಹೆಂಗಸರು, ಬುತ್ತಿಗಂಟು, ಬಕೆಟ್ಟು ಎಲ್ಲವನ್ನೂ ಅದರಲ್ಲಿ ಒಟ್ಟಿಗೇ ತುಂಬುತ್ತಾರೆ. ಅವತ್ತು ತೋಟ ಇನ್ನೇನು ಬಂತು ಅನ್ನುವಾಗ ತಿರುವಿನಲ್ಲಿ ಗಾಡಿ ಪಲ್ಟಿಯಾಯಿತು. ಉಳಿದವರಿಗೆ ತರಚು ಗಾಯ. ಇವಳ ಬಲಗಾಲು ಗಾಡಿಯ ಕೆಳಗೆ ಸಿಕ್ಕಿತು. ವಿಜಯಪುರಕ್ಕೆ ತಂದು ರಾಡು ಹಾಕಿಸಿದೆವು. ಕಾಲು ಉಳಿಯಿತು, ಆದರೆ ಮೊಣಕಾಲು ಮತ್ತೆ ಮಡಚಲಿಲ್ಲ.

ಆಮೇಲೆ ನಾನು ಕೇಳಿಸಿಕೊಂಡ ಮಾತುಗಳು ಇನ್ನೂ ಕಿವಿಯಲ್ಲಿ ಕೂತಿವೆ. ತೋಟದ ಮಾಲೀಕ ಚಹಾ ಕೊಟ್ಟು ಕೂರಿಸಿ ಹೇಳಿದ, "ಆಕಿ ಇನ್ನೂ ನಮ್ಮ ತ್ವಾಟದಾಗ ಕಾಲ ಇಟ್ಟಿರ್ಲಿಲ್ರಿ. ರಸ್ತಾದಾಗ ಬಿದ್ರ ನಾ ಏನ ಮಾಡ್ಲಿ?" ಗಾಡಿಯವನು ಇನ್ನೂ ಶ್ಯಾಣ್ಯಾ. "ನಾ ಮಂದಿ ಒಯ್ಯಾಂವ ಅಲ್ರಿ. ನಡಕೋತ ಹೊಂಟಿದ್ರು, ಪಾಪ ಅಂತ ಹತ್ತಿಸಿಕೊಂಡೆ" ಅಂದ. ವಿಮೆಯವರು ಸಾಮಾನಿನ ಗಾಡಿಯಲ್ಲಿ ಕೂತ ಮನುಷ್ಯರಿಗೆ ವಿಮೆ ಇಲ್ಲ ಎಂದರು. ಒಬ್ಬೊಬ್ಬರೂ ಸರದಿ ಹಚ್ಚಿ ಕೈ ತೊಳೆದುಕೊಂಡರು. ಆ ಗಾಡಿಯಲ್ಲಿದ್ದ ಬಕೆಟ್ಟಾದರೂ ಯಾರದೋ ಒಬ್ಬರದಾಗಿತ್ತು. ನನ್ನ ತಂಗಿ ಯಾರವಳೂ ಆಗಿರಲಿಲ್ಲ.

ತಂಗಿಯ ಮನೆಯಲ್ಲಿ ಗೋಡೆಯ ಮೊಳೆಗೆ ಅವಳ ಗಂಡನ ಕಾರ್ಮಿಕ ಕಾರ್ಡು ನೇತಾಡುತ್ತಿತ್ತು. ಕಟ್ಟಡ ಕೆಲಸದವರಿಗೆ ಒಂದು ಮಂಡಳಿ ಇದೆ. ಬಿದ್ದರೆ ಹೋಗಿ ತಟ್ಟಲು ಒಂದು ಬಾಗಿಲಿದೆ. ಅವಳು ಮಂಚದ ಮೇಲೆ ಮಲಗಿ ದಿನವಿಡೀ ಆ ಕಾರ್ಡನ್ನೇ ನೋಡುತ್ತಿದ್ದಳು.

ನಮ್ಮ ಓಣಿಯಲ್ಲಿ ಉರ್ದು ಶಾಲೆಯಿಂದ ನಿವೃತ್ತರಾದ ಮಾಸ್ತರರೊಬ್ಬರಿದ್ದಾರೆ. ಅವರ ಮನೆಯ ಹೆಂಗಸರ ಬಟ್ಟೆಯೆಲ್ಲ ನಾನೇ ಹೊಲಿಯುವುದು. ನಾನು ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ನೋಡಿ ನೋಡಿ ಒಂದು ದಿನ ಕರೆದು ಕೂರಿಸಿದರು.

"ಬೇಟಾ, ನೀ ಕ್ಲಾರ್ಕನ ಮ್ಯಾಲ ಸಿಟ್ಟ ಮಾಡಿದ್ರ ಏನ್ ಆಗೂದೈತಿ? ಕಾಯ್ದಾದಾಗ ನಿಮ್ಮ ಮಂದಿ ಇಲ್ಲೇ ಇಲ್ಲ. ಕಾಯ್ದಾ ಮಾಡವ್ರ ಕಡೆ ಹೋಗ್ರಿ. ಆದ್ರ ಒಬ್ಬಾಕೀನ ಹೋಗಬ್ಯಾಡ. ಒಬ್ಬಾಕಿ ಹೋದ್ರ ಅಳಾಕ ಬಂದಾಳ ಅಂತಾರ."

ಹಾಗೆ ಶುರುವಾಯಿತು. ಕೇಳುವುದು ಒಂದೇ: ಹೊಲ, ತೋಟದ ಕೆಲಸದ ಹೆಂಗಸರಿಗೂ ಅಂಥದೊಂದು ಮಂಡಳಿ ಆಗಬೇಕು, ಗಾಡಿ ಹತ್ತಿದ ಗಳಿಗೆಯಿಂದ ಮರಳಿ ಮನೆ ಸೇರುವವರೆಗೆ ಅವರು ಕೆಲಸದಲ್ಲಿದ್ದಾರೆ ಎಂದು ಕಾಯ್ದೆ ಒಪ್ಪಬೇಕು. ನನ್ನ ತಂಗಿ ತೋಟದಲ್ಲಿ ಕಾಲಿಟ್ಟಿರಲಿಲ್ಲ ಎಂದು ಇನ್ನೊಬ್ಬ ಮಾಲೀಕ ಚಹಾ ಕುಡಿಸಿ ಹೇಳಬಾರದು.

ಕೂಲಿ ಹೆಂಗಸರನ್ನು ಸಭೆಗೆ ಕರೆದರೆ ಯಾರು ಬರುತ್ತಾರೆ? ಕೂಲಿ ಬಿಟ್ಟು ಬರುವ ಹಾಗಿಲ್ಲ, ಮನೆಯಲ್ಲಿ ಗಂಡ, ಅತ್ತೆ ಬಿಡುವುದಿಲ್ಲ. ಸಂತೆಗಾದರೆ ಯಾರೂ ತಡೆಯುವುದಿಲ್ಲ. ತಿಕೋಟಾದ ಸಂತೆ, ಬಬಲೇಶ್ವರದ ಸಂತೆ ಎರಡಕ್ಕೂ ಚೀಲ ಹಿಡಿದು ಹೋಗತೊಡಗಿದೆ. ಉಳ್ಳಾಗಡ್ಡಿ ಮಾರುವವಳ ಪಕ್ಕ ಕೂತು ಬಂದವರನ್ನು ಮಾತಿಗೆಳೆಯುವುದೇ ಕೆಲಸ. ಮೊದಮೊದಲು ನಾನು ಊರಿಗೊಬ್ಬಳು ಮುಂದಾಳು ಇರಲಿ ಎಂದುಕೊಂಡಿದ್ದೆ. ಬಿಜ್ಜರಗಿಯಲ್ಲೇ ಅದು ಮುಗ್ಗರಿಸಿತು. ಆ ಓಣಿಯವಳಾದರೆ ಈ ಓಣಿಯವರು ಬರುವುದಿಲ್ಲ, ಈ ಜಾತಿಯವಳಾದರೆ ಆ ಜಾತಿಯವರಿಗೆ ಆಗುವುದಿಲ್ಲ. ಆಗ ತಂಗಿ ಮಂಚದ ಮೇಲಿಂದಲೇ ಹೇಳಿದಳು, "ಊರಿಗೊಬ್ಬಾಕಿ ಬ್ಯಾಡಬೇ ಅಕ್ಕಾ. ಗಾಡಿಗೊಬ್ಬಾಕಿ ಮಾಡು. ಗಾಡ್ಯಾಗ ಎಲ್ಲಾರೂ ಒಬ್ಬರ ಮೈಮ್ಯಾಲ ಒಬ್ಬರು ಕುಂತಿರ್ತೀವಿ, ಅಲ್ಲಿ ಯಾವ ಓಣಿ?"

ಸರಿಯಾಗಿ ಹೇಳಿದ್ದಳು. ಗಾಡಿಗೊಬ್ಬಳು ಎಂದ ಮೇಲೆ ಜಗಳ ನಿಂತಿತು. ತಿಕೋಟಾ ಕಡೆಯ ಗಾಡಿಗಳು ಬಂದವು, ಬಬಲೇಶ್ವರ ಕಡೆಯವು ಬಂದವು, ಭೂತನಾಳದಿಂದ ಹೊರಡುವ ಗಾಡಿಯ ಹೆಂಗಸರೂ ಸೇರಿದರು. ಓದು ಬಾರದವರೇ ಹೆಚ್ಚು. ಹಾಗಾಗಿ ಸುದ್ದಿಯನ್ನು ಮಾತಿನಲ್ಲೇ ಫೋನಿಗೆ ತುಂಬಿ ಕಳಿಸುತ್ತಿದ್ದೆ. ಗಾಡಿಯಲ್ಲಿ ಒಬ್ಬಳು ಹಚ್ಚಿದರೆ ಎಲ್ಲರೂ ಕೇಳುತ್ತಿದ್ದರು. ಮಾಸ್ತರರು ನಮ್ಮನ್ನು ಸ್ವಯಂಸೇವಕಿಯರು ಎಂದು ಕರೆದಾಗ ಆ ಹೆಂಗಸರು ಬಿದ್ದು ಬಿದ್ದು ನಕ್ಕಿದ್ದರು. ಅಷ್ಟು ಗಟ್ಟಿಯಾಗಿ ನಕ್ಕ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ನಿಂತರೆ ಹೇಗಿರುತ್ತದೆ ಎಂದು ನನಗೆ ಆಗಲೇ ಗೊತ್ತಾಗಿತ್ತು.

ಇಷ್ಟರಲ್ಲಿ ನಮ್ಮ ಗುಂಪಿಗೊಬ್ಬ ಅಧ್ಯಕ್ಷರು ಸಿಕ್ಕಿದರು. ಬಬಲೇಶ್ವರದ ಕಡೆಯವರು. ಬಿಳಿ ಬಟ್ಟೆ, ಊರ ಕಾರ್ಯಕ್ರಮಗಳಿಗೆಲ್ಲ ಮುಂದೆ ನಿಲ್ಲುವವರು, ಎಲ್ಲ ಕಚೇರಿಯಲ್ಲೂ ಗುರುತು. ಕೆಟ್ಟವರೇನಲ್ಲ. ಅಪಘಾತವಾದ ದಿನ ತಮ್ಮ ಕಾರಿನಲ್ಲೇ ತಂಗಿಯನ್ನು ಆಸ್ಪತ್ರೆಗೆ ತಂದವರು ಅವರೇ. ಗಂಡಸೊಬ್ಬ ಮುಂದಿದ್ದರೆ ಬಾಗಿಲು ತೆರೆಯುತ್ತದೆ ಎಂದು ಹೆಂಗಸರೇ ಅವರನ್ನು ಒಪ್ಪಿಕೊಂಡರು. ಬಾಗಿಲೇನೋ ತೆರೆಯಿತು.

ಶಾಸನ ಸಭೆಯವರೊಬ್ಬರು ವಿಜಯಪುರಕ್ಕೆ ಬರುವವರಿದ್ದರು. ನಮ್ಮ ಜಿಲ್ಲೆಯವರಲ್ಲ, ಪಕ್ಷ ಯಾವುದೆಂದು ಹೇಳುವುದಿಲ್ಲ. ಕಾರ್ಮಿಕರ ವಿಷಯ ನೋಡುವ ಸಮಿತಿಯಲ್ಲಿದ್ದಾರೆ ಎಂದು ಮಾಸ್ತರರು ಪತ್ತೆ ಹಚ್ಚಿದ್ದರು. ಐಬಿಯಲ್ಲಿ, ಅಂದರೆ ಸರಕಾರಿ ಅತಿಥಿಗೃಹದಲ್ಲಿ, ಭೇಟಿಗೆ ಸಮಯವೂ ಸಿಕ್ಕಿತು. ನಾವು ಹೆಂಗಸರು ಯಾರು ಏನು ಮಾತಾಡಬೇಕು ಎಂದು ಬಾಯಿಪಾಠ ಮಾಡಿಕೊಂಡು ಹೋದರೆ ಐಬಿಯ ಗೇಟಿನಲ್ಲಿ ಅಧ್ಯಕ್ಷರು ಎರಡು ದೊಡ್ಡ ಚೀಲ ಹಿಡಿದು ನಿಂತಿದ್ದಾರೆ. ಶಾಲು, ಹಾರ, ತಲೆಗೆ ಸುತ್ತುವ ಫೇಟಾ, ಗೋಲಗುಮ್ಮಟದ ಗಾಜಿನ ಸ್ಮರಣಿಕೆ. ಜೊತೆಗೆ ಒಣದ್ರಾಕ್ಷಿ ತುಂಬಿದ ಒಂದು ಬುಟ್ಟಿ.

"ಇವೆಲ್ಲಾ ಯಾಕ್ರಿ?" ಎಂದೆ.

"ಬರಿಗೈಲೆ ಹೋಗೂದು ಚೊಲೋ ಕಾಣೂದಿಲ್ಲವಾ. ದೊಡ್ಡವ್ರು ಅದಾರ. ನಮ್ಮ ಕಡೆ ಒಂದು ಪದ್ಧತಿ ಐತಿಲ್ಲೋ?"

ಇದೆ. ನಮ್ಮ ಕಡೆ ಆ ಪದ್ಧತಿ ಇದೆ, ಅದೇ ನಮ್ಮ ರೋಗ. ಹೊಸ ಅಧಿಕಾರಿ ಬಂದರೆ ಸತ್ಕಾರ, ಹಳೆಯವನು ಹೋದರೆ ಸತ್ಕಾರ, ಹುಟ್ಟುಹಬ್ಬಕ್ಕೆ ಸತ್ಕಾರ, ರಸ್ತೆಗೆ ಎರಡು ಪುಟ್ಟಿ ಜಲ್ಲಿ ಬಿದ್ದರೆ ಅದಕ್ಕೂ ಸತ್ಕಾರ. ಕೇಳಲು ಹೋದವರೂ ಮೊದಲು ಕೊರಳಿಗೆ ಹಾರ ಹಾಕಿ, ಆಮೇಲೆ ಉಸಿರು ಉಳಿದಿದ್ದರೆ ಕೇಳುತ್ತಾರೆ.

ಶಾಸಕ ಸಾಹೇಬರ ಕೋಣೆ ಮೇಲಿನ ಮಹಡಿಯಲ್ಲಿತ್ತು. ತಂಗಿಗೆ ಮೆಟ್ಟಿಲು ಹತ್ತಲು ಆಗಲಿಲ್ಲ. ಊರುಗೋಲು ಗೋಡೆಗೆ ಆನಿಸಿ ಎರಡು ಸಲ ಪ್ರಯತ್ನಪಟ್ಟು, "ನೀವ್ ಹೋಗ್ರಿ, ಅವ್ರು ಇಳಿಯೂವಾಗ ಇಲ್ಲೇ ಕೇಳ್ತೀನಿ" ಎಂದು ಅಂಗಳದ ಬೇವಿನ ಮರದ ಕೆಳಗೆ ಕೂತಳು. ಮೇಲೆ ಹಾರವಾಯಿತು, ಫೇಟಾ ಆಯಿತು, ಶಾಲಾಯಿತು. ಫೋಟೊದವನು ಹೆಂಗಸರನ್ನು ಹಿಂದಕ್ಕೆ ಸರಿಸಿದ. ಅಧ್ಯಕ್ಷರ ಜೊತೆ ಬಂದ ಗಂಡಸರು, ನಾನು ಅಲ್ಲಿಯವರೆಗೆ ಮುಖವನ್ನೇ ನೋಡಿರದವರು, ಮುಂದೆ ನಿಂತು ಎದೆ ಉಬ್ಬಿಸಿದರು. ಮಾಸ್ತರರು ಬರೆದ ಮನವಿಯನ್ನು ಸಾಹೇಬರ ಸಹಾಯಕ ತೆಗೆದುಕೊಂಡು ಒಣದ್ರಾಕ್ಷಿ ಬುಟ್ಟಿಯ ಕೆಳಗಿಟ್ಟ. ನಾನು ಬಾಯಿ ತೆರೆದೆ. ಅಧ್ಯಕ್ಷರು ಕೈ ಅಡ್ಡ ಹಿಡಿದರು.

"ನೀ ಸುಮ್ನಿರವಾ. ಸಾಹೇಬ್ರಿಗಿ ಎಲ್ಲಾ ಗೊತ್ತೈತಿ."

"ಬಹಳ ಸಂತೋಷ, ಮಾಡೋಣ ಮಾಡೋಣ" ಎಂದರು ಸಾಹೇಬರು. ಅಷ್ಟರಲ್ಲಿ ಫೋನು ಬಂತು. ಮಾತಾಡುತ್ತಲೇ ಎದ್ದು ಹೊರಟರು. ನಾನು ಗಂಡಸರ ಹಿಂಡನ್ನು ಸೀಳಿಕೊಂಡು ಕೆಳಗೆ ಬಂದಾಗ ತಂಗಿ ಊರುಗೋಲು ಊರಿ ಏಳುತ್ತಿದ್ದಳು. ಪೂರ್ತಿ ಎದ್ದು ನಿಲ್ಲುವುದರೊಳಗೆ ಕಾರಿನ ಬಾಗಿಲು ಹಾಕಿಯಾಗಿತ್ತು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಮರುದಿನ ಊರ ಪತ್ರಿಕೆಯಲ್ಲಿ ಫೋಟೊ ಬಂತು. ಮೇಲೆ ತಲೆಬರಹ: ಬೇಡಿಕೆ ಈಡೇರಿಸಿದ್ದಕ್ಕೆ ಮಹಿಳಾ ಕಾರ್ಮಿಕರಿಂದ ಸತ್ಕಾರ. ಅಧ್ಯಕ್ಷರ ಕಡೆಯವನೊಬ್ಬ ಪತ್ರಿಕೆಗೆ ಸುದ್ದಿ ಬರೆದುಕೊಟ್ಟಿದ್ದ. ಸತ್ಕಾರದ ಸುದ್ದಿಯನ್ನು ಯಾವಾಗಲೂ ಹಾಗೇ ಬರೆಯುವುದಂತೆ, ಏನೋ ಒಂದನ್ನು ಮಾಡಿಕೊಟ್ಟಿದ್ದಕ್ಕೆ ಸತ್ಕಾರ. ಮಾಡಿಕೊಡುವ ಮೊದಲೇ ಫೇಟಾ ಸುತ್ತುವ ಮೂಢರು ಇರುತ್ತಾರೆಂದು ಬರೆಯುವವನಿಗೆ ಹೇಗೆ ಗೊತ್ತಾಗಬೇಕು?

ಆ ಫೋಟೊ ಎಲ್ಲರ ಫೋನಿನಲ್ಲೂ ಓಡಾಡಿತು. ಗಾಡಿಗಳಿಂದ ನನಗೆ ಕರೆಗಳು ಬರತೊಡಗಿದವು. "ಆತಂತಲ್ಲ ಅಕ್ಕಾ! ಕಾರ್ಡ ಯಾವಾಗ ಕೊಡ್ತಾರ?" ಎಷ್ಟು ಖುಷಿಯಿಂದ ಕೇಳುತ್ತಿದ್ದರೆಂದರೆ, ಇಲ್ಲ ಎನ್ನಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಇಲ್ಲ ಎಂದ ಮೇಲೆ ಕೆಲವರು ನಾನೇ ಏನೋ ಮುಚ್ಚಿಡುತ್ತಿದ್ದೇನೆ ಎಂದುಕೊಂಡರು. ಒಂದೊಂದೇ ಗಾಡಿ ಬಿಟ್ಟುಹೋಯಿತು. ಕಚೇರಿಗೆ ಹೋದರೆ ಗುಮಾಸ್ತ ಮುಖವೆತ್ತದೆ ಹೇಳಿದ, "ನಿಮ್ಮ ಕೆಲಸ ಆಗೇತಲ್ರಿ, ಪೇಪರನ್ಯಾಗ ಓದೀನಿ." ಕೊನೆಗೆ ಸಾಹೇಬರ ಸಹಾಯಕನಿಗೇ ಫೋನು ಹಚ್ಚಿದೆ. ಅವನು ನಯವಾಗಿ ಅಂದ, "ಈಡೇರಿದೆ ಅಂತ ನೀವೇ ಹಾಕಿಸಿದ್ದೀರಲ್ಲಮ್ಮಾ."

ನಾನು ಬಸ್ಸು ಹತ್ತಿ ನೇರ ಬಬಲೇಶ್ವರಕ್ಕೆ ಹೋದೆ. ಅಧ್ಯಕ್ಷರ ಪಡಸಾಲೆಯಲ್ಲಿ ಮಂದಿ ಕೂತಿದ್ದರು, ಕೂತಿರಲಿ ಎಂದುಕೊಂಡೆ. ಅವರ ಮುಂದೆಯೇ ಪತ್ರಿಕೆ ಬೀಸಿ ಒಗೆದೆ. ಜೀವನದಲ್ಲಿ ಹಾಗೆ ಕೂಗಾಡಿದವಳಲ್ಲ ನಾನು. ಅವರು ಸಿಟ್ಟಾಗಲಿಲ್ಲ, ಅದು ಇನ್ನೂ ಸಂಕಟ. ಹುಡುಗಿಗೆ ತಿಳಿ ಹೇಳುವ ಹಾಗೆ ಹೇಳಿದರು.

"ಹಂಗಲ್ಲವಾ. ಮುಂಚೇನ ಸತ್ಕಾರ ಮಾಡಿದ್ರ ಅವ್ರು ನಮ್ಮ ಮರ್ಜಿಗಿ ಬೀಳ್ತಾರ. ಮೈಮ್ಯಾಲ ಶಾಲ ಬಿದ್ದ ಮ್ಯಾಲ ಇಲ್ಲ ಅನ್ನಾಕ ನಾಚಿಕಿ ಬರ್ತೈತಿ. ನಮ್ಮಪ್ಪನ ಕಾಲದಿಂದ ನಾವ್ ಹಿಂಗ ಕೆಲಸ ಮಾಡಿಸಿಕೊಂಡೇವಿ."

ಆ ಮನುಷ್ಯ ಅದನ್ನು ನಂಬಿದ್ದರು! ಶಾಲು ಹೊದಿಸಿದರೆ ದೊಡ್ಡವರಿಗೆ ನಾಚಿಕೆ ಬರುತ್ತದೆಂದು ಮನಸಾರೆ ನಂಬಿದ್ದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಾಚಿಕೆ ಬಂದದ್ದು ಅವರಿಗಲ್ರಿ, ಆ ಗಿಡದ ಬುಡಕ ಕುಂತಿದ್ಲಲ್ಲ, ಆಕಿಗಿ ಬಂತು" ಎಂದು ಹೇಳಿ ಎದ್ದು ಬಂದೆ.

ತಂಗಿಯ ಮನೆಗೆ ಹೋಗಿ ಎಲ್ಲ ಒದರಿದೆ. ಇನ್ನು ಸಾಕು, ಮಷೀನು ತುಳಿದುಕೊಂಡು ಬಿದ್ದಿರುತ್ತೇನೆ ಎಂದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ಕೈಯಲ್ಲಿದ್ದುದನ್ನು ಬಿಡಿಸಿ ಮುಗಿಸಿ ತಲೆಯೆತ್ತಿದಳು.

"ಅಲ್ಲಬೇ ಅಕ್ಕಾ, ಇಷ್ಟೆಲ್ಲಾ ಆತು. ಆದ್ರ ನಾ ಕೇಳಬೇಕಂತ ಹೋಗಿದ್ದನ್ನ ಅವ್ರಿಗಿ ಇನ್ನೂ ಯಾರೂ ಕೇಳೇ ಇಲ್ಲಲ್ಲ?"

"ಏನ ಕೇಳಬೇಕಂತ ಹೋಗಿದ್ದಿ?"

"ಗಾಡ್ಯಾಗ ಕುಂತಾಗ ನಾವು ಯಾರ ಮಂದಿ ಅಂತ. ತ್ವಾಟದಾವ ನನ್ನ ಮಂದಿ ಅಲ್ಲ ಅಂತಾನ, ಗಾಡಿಯಾಂವ ನನ್ನ ಮಂದಿ ಅಲ್ಲ ಅಂತಾನ. ಸರಕಾರದ ಮಂದಿ ಹೌದೋ ಅಲ್ಲೋ, ಅಷ್ಟ ಹೇಳ್ಲಿ."

ಅವಳು ಆ ಮಾತನ್ನು ತನ್ನ ದನಿಯಲ್ಲೇ ಫೋನಿಗೆ ತುಂಬಿ ಎಲ್ಲ ಗಾಡಿಗಳಿಗೆ ಕಳಿಸಿದಳು. ಕಾರ್ಡು ಬಂದಿಲ್ಲ, ಪತ್ರಿಕೆಯಲ್ಲಿ ಬಂದದ್ದು ಸುಳ್ಳು, ತಾನು ಗಿಡದ ಕೆಳಗೆ ಕೂತಿದ್ದೆ, ತನ್ನನ್ನು ಯಾರೂ ಕೇಳಲಿಲ್ಲ ಎಂದೂ ಸೇರಿಸಿದಳು. ನಾನು ಹೇಳಿದ್ದರೆ ಯಾರು ನಂಬುತ್ತಿದ್ದರೋ ಏನೋ. ಗಾಡಿಯ ಕೆಳಗೆ ಸಿಕ್ಕಿ ಕಾಲು ಕೆಡಿಸಿಕೊಂಡವಳ ದನಿ ಅದು. ಬಿಟ್ಟುಹೋದ ಗಾಡಿಗಳು ಮರಳಿ ಬಂದವು. ಈ ಸಲ ಅಧ್ಯಕ್ಷರಿಲ್ಲ, ಚೀಲವಿಲ್ಲ. ಕಟ್ಟಳೆ ಒಂದೇ: ಯಾರಿಗೂ ಒಂದು ಹೂವಿನ ಎಸಳೂ ಕೊಡಬಾರದು.

ನಸುಕಿನಲ್ಲಿ ಗಾಡಿ ಹತ್ತಿದ ಕೂಡಲೇ ಗಾಡಿಗೊಬ್ಬಳು ಸಾಹೇಬರ ಸಹಾಯಕನಿಗೆ ಫೋನು ಹಚ್ಚಬೇಕು ಎಂದು ಮಾತಾಯಿತು. ಬೈಗುಳವಿಲ್ಲ, ಗೋಳಿಲ್ಲ. ಊರ ಹೆಸರು ಹೇಳಿ ಒಂದೇ ಮಾತು: "ನಾವೀಗ ಗಾಡ್ಯಾಗ ಅದೀವ್ರಿ. ಈಗ ಬಿದ್ರ ನಾವು ಯಾರ ಮಂದಿ?" ಇಂದು ಒಂದು ಗಾಡಿ, ನಾಳೆ ಇನ್ನೊಂದು. ಇಂಜಿನ್ನಿನ ಸದ್ದು, ಹೆಂಗಸರ ಕಲಕಲ, ನಡುವೆ ಆ ಪ್ರಶ್ನೆ. ಆ ಸಹಾಯಕನ ನಿದ್ದೆ ಕೆಟ್ಟಿರಬೇಕು. ಕೆಡಲಿ. ಈ ಹೆಂಗಸರ ನಿದ್ದೆ ಆ ಹೊತ್ತಿಗೆ ಎಂದೋ ಕೆಟ್ಟಿರುತ್ತದೆ. ಮೊದಮೊದಲು ಅವನು ಫೋನು ಕಟ್ ಮಾಡಿದ. ಆಮೇಲೆ ಬೈದ. ಕೊನೆಗೆ ನನಗೇ ಫೋನು ಮಾಡಿ, ಸಾಹೇಬರು ಮತ್ತೆ ವಿಜಯಪುರಕ್ಕೆ ಬರುತ್ತಿದ್ದಾರೆ, ಬಂದು ಹೇಳಿಕೊಳ್ಳಿ, ಈ ಫೋನು ಮಾತ್ರ ನಿಲ್ಲಿಸಿ ಎಂದ.

ಅದೇ ಐಬಿ, ಅದೇ ಬೇವಿನ ಮರ. ಈ ಸಲ ನಾವು ಯಾರೂ ಮೆಟ್ಟಿಲು ಹತ್ತಲಿಲ್ಲ. ತಂಗಿಯ ಸುತ್ತ ನೆಲದ ಮೇಲೇ ಕೂತೆವು. ತಿಕೋಟಾದವರು, ಬಬಲೇಶ್ವರದವರು, ಭೂತನಾಳದವರು, ಅಂಗಳ ತುಂಬಿತ್ತು. ಮಾಸ್ತರರೊಬ್ಬರೇ ಮೇಲೆ ಹೋಗಿ ಹೇಳಿ ಬಂದರು, ಮಾತಾಡಬೇಕಾದವಳಿಗೆ ಹತ್ತಲು ಬರುವುದಿಲ್ಲ, ತಾವೇ ಇಳಿಯಬೇಕು ಎಂದು. ಬಹಳ ಹೊತ್ತು ಕಾಯಿಸಿದರು. ನಮಗೆ ಕಾಯುವುದು ಹೊಸದೇ?

ಕಡೆಗೆ ಇಳಿದು ಬಂದರು. ತಂಗಿ ಊರುಗೋಲು ಊರಿ ಎದ್ದು ನಿಂತಳು. ಆಗ ನಡೆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅವಳ ಎದುರು ಬಂದು ನಿಂತ ಆ ಮನುಷ್ಯ ನಗುತ್ತಾ ಕೊರಳನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದರು. ಹಾರಕ್ಕೆ! ಯಾರೂ ಹೇಳಿರಲಿಲ್ಲ, ಯಾರ ಕೈಯಲ್ಲೂ ಹಾರವಿರಲಿಲ್ಲ. ಕೊರಳು ತನ್ನಷ್ಟಕ್ಕೆ ಬಾಗಿತು. ಎದುರು ಮಂದಿ ನಿಂತರೆ ಹಾರ ಬೀಳುತ್ತದೆ ಎಂದು ಆ ಕೊರಳಿಗೆ ನಾವೇ ರೂಢಿ ಮಾಡಿಸಿದ್ದೆವು. ಯಾರೂ ಅಲುಗಾಡಲಿಲ್ಲ. ಕೊರಳು ಬಾಗಿಯೇ ಇತ್ತು. ನಗು ಮೆಲ್ಲಗೆ ಇಳಿಯಿತು.

"ಹಾರ ತಂದಿಲ್ರಿ ಸಾಹೇಬ್ರ," ಅಂದಳು ತಂಗಿ. "ಹ್ವಾದ ಸಲ ಹಾಕಿದ್ರಲ್ರಿ, ಅದು ಬಾಳ ಮುಂಚೆ ಆತು. ಈಗ ಕೇಳಾಕ ಬಂದೀನಿ. ನಾ ಗಾಡ್ಯಾಗ ಬಿದ್ದಾಗ ಯಾರ ಮಂದಿ ಇದ್ನಿ?"

ಅವರು ಕೊರಳು ನೆಟ್ಟಗೆ ಮಾಡಿ ಅವಳ ಕಾಲು ನೋಡಿದರು. ಬಹುಶಃ ಮೊದಲ ಸಲ ನೋಡಿದರು. ಸಹಾಯಕ ಕುರ್ಚಿ ತರುವ ಮೊದಲೇ ಮರದ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬಳ ಮಾತನ್ನೂ ಕೇಳಿದರು. ಸದನದಲ್ಲಿ ಈ ಪ್ರಶ್ನೆ ಎತ್ತುತ್ತೇನೆ ಎಂದು ಮಾತು ಕೊಟ್ಟರು. ಎತ್ತಿದರು ಕೂಡ. ಅಷ್ಟರಮಟ್ಟಿಗೆ ನಾನು ಸುಳ್ಳು ಹೇಳಬಾರದು. ಸರಕಾರ ಉತ್ತರ ಕೊಟ್ಟಿತು: ವಿಷಯ ಪರಿಶೀಲನೆಯಲ್ಲಿದೆ.

ಇವತ್ತಿಗೂ ಪರಿಶೀಲನೆಯಲ್ಲೇ ಇದೆ. ಅದೇನು ಪರಿಶೀಲಿಸುತ್ತಾರೋ! ಗಾಡಿಯಲ್ಲಿ ಹೋಗುವವರು ಮನುಷ್ಯರು ಹೌದೋ ಅಲ್ಲವೋ ಎಂದು ನೋಡಲು ಎಷ್ಟು ಹಂಗಾಮು ಬೇಕು? ಉತ್ತರ ಬಂದ ವಾರವೇ ಅಧ್ಯಕ್ಷರ ಫೋನು ಬಂತು. ಸದನದಲ್ಲಿ ನಮ್ಮ ವಿಷಯ ಬಂತಲ್ಲ, ಸಾಹೇಬರಿಗೊಂದು ಸತ್ಕಾರ ಇಟ್ಟುಕೊಳ್ಳೋಣ, ಜೊತೆಗೆ ತಂಗಿಗೂ ಒಂದು ಶಾಲು ಹೊದಿಸೋಣ ಎಂದರು. ನಾನು ಏನಂದೆ ಎಂಬುದು ಅಚ್ಚು ಹಾಕುವ ಮಾತಲ್ಲ. ಗಾಡಿಯ ಹೆಂಗಸರು ಮತ್ತೆ ಫೋನು ಶುರು ಮಾಡಿದ್ದಾರೆ. ಈಗ ಒಬ್ಬ ಶಾಸಕರಿಗಲ್ಲ, ಆ ಸಮಿತಿಯಲ್ಲಿರುವ ಎಲ್ಲರಿಗೂ.

ತಂಗಿ ಕೂಡ ಮತ್ತೆ ಕೆಲಸಕ್ಕೆ ಹೋಗುತ್ತಾಳೆ. ತೋಟದಲ್ಲಿ ನಿಂತು ಮಾಡುವುದು ಆಗುವುದಿಲ್ಲ. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕಾಲು ಚಾಚಿ ಕೂತು ಕಡ್ಡಿ, ಕಸ ಆರಿಸುತ್ತಾಳೆ. ಹೋಗುವುದು ಅಂಥದೇ ಟಂಟಂನಲ್ಲಿ. ಬೇರೆ ಏನಿದೆ? ನಾನು ಬೈದೆ, ಅತ್ತೆ, ಬೇಡ ಎಂದೆ. ಅವಳು ಕೇಳಲಿಲ್ಲ. ಕೊನೆಗೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಗಾಡಿ ಹತ್ತಿದ ಕೂಡಲೇ ಫೋನು ಮಾಡಿ "ಹತ್ತೀನಿ ಅಕ್ಕಾ" ಅನ್ನುತ್ತಾಳೆ. ಶೆಡ್ಡು ಮುಟ್ಟಿದ ಮೇಲೆ "ಇಳದೀನಿ" ಅನ್ನುತ್ತಾಳೆ. ಆ ಎರಡು ಫೋನುಗಳ ನಡುವೆ ನಾನು ಮಷೀನು ತುಳಿಯುವುದಿಲ್ಲ, ಸೂಜಿಗೆ ದಾರವನ್ನೂ ಪೋಣಿಸುವುದಿಲ್ಲ. ಗಿರಾಕಿ ಬಂದರೆ ಬಾಗಿಲಲ್ಲೇ ನಿಲ್ಲಿಸುತ್ತೇನೆ. ಅಷ್ಟು ಹೊತ್ತು ನನ್ನ ತಂಗಿ ಈ ನಾಡಿನಲ್ಲಿ ಯಾರ ಮಂದಿಯೂ ಅಲ್ಲ.